ವೈರಕ್ಕ ಕಟ್ಟಿದ ಸಿಂಥಸೈಜರ್

ಮಗ್ಗದ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು ವೈರಕ್ಕ ಎಂದೇ. ಸುಟ್ಟ ಮೋಟಾರು, ಸಡಿಲಾದ ಸ್ವಿಚ್ಚು, ಹಾರಿದ ಫ್ಯೂಸು, ಎಲ್ಲಕ್ಕೂ ಅವಳೇ ಗತಿ. ಮಗ್ಗಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುವಾಗ ಅಲ್ಲಿ ಕಿವಿಗೆ ಬಾಯಿಟ್ಟು ಕಿರುಚಿದರೂ ಅರ್ಧ ಮಾತು ಗಾಳಿಗೆ. ಆದರೆ ಹೆಂಗಸನ್ನು ಎಲೆಕ್ಟ್ರಿಷಿಯನ್ ಕೆಲಸಕ್ಕೆ ಇಟ್ಟುಕೊಂಡವರು ಆ ಊರಲ್ಲಿ ಆ ಶೆಡ್ಡಿನ ಮಾಲೀಕರೊಬ್ಬರೇ. ಅದಕ್ಕೇ ಕಿವಿ ಡಾಕ್ಟರು "ಆ ಶೆಡ್ಡು ಬಿಡಮ್ಮ" ಅಂದಾಗ ಅವಳಿಗೆ ರೇಗಿಹೋಯಿತು.

"ಬಿಟ್ಟು ಎಲ್ಲಿಗೆ ಹೋಗ್ಲಿ ಡಾಕ್ಟ್ರೇ?"

"ಅದು ನಿಮಗೆ ಬಿಟ್ಟಿದ್ದು. ತೆಳು ದನಿ, ಕೀರಲು ದನಿ ಮೊದಲು ಹೋಗುತ್ತೆ. ಆಮೇಲೆ ಒಂದೊಂದಾಗಿ ಮಿಕ್ಕಿದ್ದು. ಹೋಗಿದ್ದು ವಾಪಸ್ ಬರಲ್ಲ."

ಮನೆಯಲ್ಲಿ ಅವಳು ಈ ವಿಷಯವಾಗಿ ಬಾಯಿಯೇ ಬಿಡಲಿಲ್ಲ. ಆದರೆ ಆವತ್ತಿನಿಂದ ಒಂದೇ ಹುಚ್ಚು ಹಿಡಿಯಿತು. ಚಿಕ್ಕಂದಿನಿಂದ ಆಸೆಪಟ್ಟ, ಕರೆಂಟಿನಿಂದ ಸ್ವರ ಹುಟ್ಟಿಸುವ ಆ ಕೀಬೋರ್ಡು ವಾದ್ಯ ಸಿಂಥಸೈಜರನ್ನು ಕೈಯಾರೆ ಕಟ್ಟಬೇಕು, ಕಿವಿ ಮುಚ್ಚಿಹೋಗುವ ಮುಂಚೆ ಅದರ ದನಿಯನ್ನು ಹೊಟ್ಟೆ ತುಂಬ ಕೇಳಿಬಿಡಬೇಕು. ಆಮೇಲೆ ಕಿವಿ ಹಾಳಾಗಿ ಹೋಗಲಿ!

ಬೇಕಾದದ್ದು ಎರಡು ಚಿಪ್ಪು. ಯಾವ ಕೀ ಒತ್ತಿದರೆ ಯಾವ ಸ್ವರ ಎಂದು ಲೆಕ್ಕ ಹಾಕಿ ಅಂಕಿ ಕೊಡುವ ಮೈಕ್ರೋಕಂಟ್ರೋಲರ್ ಒಂದು. ಆ ಅಂಕಿಗಳನ್ನು ಸ್ಪೀಕರಿಗೆ ಹೋಗುವ ಕರೆಂಟಾಗಿ ಬದಲಿಸುವ ಕನ್ವರ್ಟರ್ ಇನ್ನೊಂದು. ಎರಡೇ ತಾನೆ ಅನ್ನಬೇಡಿ, ಅಂಗಡಿಯಲ್ಲಿ ನೂರೆಂಟು ಬಗೆ ಇವೆ. ಅಳೆದು ಸುರಿದು ಮೊದಲು ತಂದ ಕಂಟ್ರೋಲರ್ ಮಂದಗತಿಯದು. ಮೂರು ಕೀ ಒಟ್ಟಿಗೆ ಒತ್ತಿದರೆ ಸೋತು ಸುಣ್ಣವಾಗುತ್ತಿತ್ತು. ಅದನ್ನು ಎಸೆದು ಚುರುಕಾದದ್ದನ್ನು ತಂದಳು. ಆಗ ಕನ್ವರ್ಟರ್ ಕಾಟ ಶುರುವಾಯಿತು. ಪ್ರತಿ ಸ್ವರದ ಹಿಂದೆ ಸೂಜಿ ಚುಚ್ಚಿದ ಹಾಗೆ ಕುಯ್ಯೆನ್ನುವ ಕೀರಲು. ಕೆಪಾಸಿಟರ್ ಬದಲಾಯಿಸಿದಳು, ವೈರು ಬದಲಾಯಿಸಿದಳು, ಪವರ್ ಸಪ್ಲೈಯನ್ನೂ ಬದಲಾಯಿಸಿದಳು. ಅದು ಜಪ್ಪಯ್ಯ ಅಂದರೂ ಹೋಗಲಿಲ್ಲ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮತ್ತಿಗೆಗೆ ಯಾವ ಚಿಪ್ಪೂ ಸರಿ ಇಲ್ವಂತೆ!" ಎಂದು ನಾದಿನಿ ನಗುತ್ತಿದ್ದಳು. ವೈರಕ್ಕನಿಗೆ ನಗು ಬರುತ್ತಿರಲಿಲ್ಲ. ದಿನಗಳು ಕೈಜಾರುತ್ತಿದ್ದವು, ರಾತ್ರಿ ಮಲಗಿದರೆ ಬೆಳಿಗ್ಗೆ ಏನೇನು ಕೇಳಿಸದೆ ಹೋಗುತ್ತದೋ ಎಂದು ಹೆದರಿಕೆ.

ಕೊನೆಗೆ ಒಂದು ರಜೆಯ ಮಧ್ಯಾಹ್ನ, ಅಂಗಡಿಯವನು ಇದಕ್ಕಿಂತ ಒಳ್ಳೆಯದಿಲ್ಲ ಎಂದು ಆಣೆ ಮಾಡಿ ಕೊಟ್ಟ ಹದಿನಾರು ಬಿಟ್ಟಿನ ಕನ್ವರ್ಟರನ್ನು ಬೋರ್ಡಿನ ಮೇಲೆ ಕೂರಿಸಿದಳು. ಉಸಿರು ಬಿಗಿಹಿಡಿದು ಕೀ ಒತ್ತಿದಳು. ಸ್ವರ ಎದ್ದು ಬಂತು, ಹಿಂದೆ ಏನೂ ಇಲ್ಲ. ಕೀರಲು ಮಾಯ! ಅವಳಿಗೆ ಅಳುವೇ ಬಂದುಬಿಟ್ಟಿತು.

"ಏನ್ರೀ! ಓಡಿ ಬನ್ನಿ!"

ಮುಂದಿನ ಕೋಣೆಯಲ್ಲೇ ಕ್ಷೌರದ ಅಂಗಡಿ ಇಟ್ಟಿದ್ದ ಗಂಡ ಬಾಚಣಿಗೆ ಹಿಡಿದೇ ಬಂದ. ಹಿಂದೆಯೇ ನಾದಿನಿ ಬಂದಳು, ಬಂದವಳೇ ಎರಡೂ ಕಿವಿ ಮುಚ್ಚಿಕೊಂಡಳು.

"ಅಯ್ಯೋ ಅತ್ತಿಗೆ, ಆರಿಸಿ! ಅದೇ ಕೀರಲು. ಹಲ್ಲು ಜುಮ್ ಅನ್ನುತ್ತೆ."

"ಎಲ್ಲೇ ಕೀರಲು? ತಮಾಷೆ ಸಾಕು."

ನಾದಿನಿಯ ಮುಖದಲ್ಲಿ ತಮಾಷೆ ಇರಲಿಲ್ಲ. ವೈರಕ್ಕ ಹೊಸದನ್ನು ಕಿತ್ತು ಹಳೆಯ ಕನ್ವರ್ಟರನ್ನೇ ಹಾಕಿ ಮತ್ತೆ ಕೀ ಒತ್ತಿದಳು. ತಿಂಗಳುಗಟ್ಟಲೆ ಅವಳ ಪ್ರಾಣ ತಿಂದ ಅದೇ ಕನ್ವರ್ಟರ್. ಅದರಲ್ಲೂ ಕೀರಲು ಇಲ್ಲ. ಆಗ ಹೊಳೆಯಿತು: ತಪ್ಪು ಕನ್ವರ್ಟರಿನದೇ ಅಲ್ಲ; ಕಂಟ್ರೋಲರ್ ಬದಲಾಯಿಸಿದ್ದಳು, ಆದರೆ ಪ್ರೋಗ್ರಾಮಿನಲ್ಲಿ ಅಂಕಿ ಕಳಿಸುವ ಹಳೆಯ ನಿಧಾನದ ವೇಗವನ್ನು ಹಾಗೇ ಬಿಟ್ಟಿದ್ದಳು, ಕೀರಲು ಹುಟ್ಟುತ್ತಿದ್ದದ್ದು ಅಲ್ಲಿ. ಕೀರಲು ಎಲ್ಲಿಗೂ ಹೋಗಿರಲಿಲ್ಲ. ಹೋದದ್ದು ಅವಳ ಕಿವಿ. ವೇಗ ಸರಿಮಾಡುವುದು ಚಿಟಿಕೆ ಹೊಡೆಯುವಷ್ಟರ ಕೆಲಸ, ಆದರೆ ಸರಿಯಾಯಿತೋ ಇಲ್ಲವೋ ಅವಳಿಗೆ ಇನ್ನು ಯಾರು ಹೇಳಬೇಕು?

ಅವಳು ಒಂದು ಕೈಯಲ್ಲಿ ಕೀ ಒತ್ತಿಹಿಡಿದೇ ಸ್ಕ್ರೂಡ್ರೈವರ್ ತೆಗೆದುಕೊಂಡು, ಯಾವುದಕ್ಕೂ ತಾಗಿಸದೆ, ಸುಮ್ಮನೆ ಗಾಳಿಯಲ್ಲಿ ತಿರುಗಿಸಿದಳು.

"ಈಗ?"

ಗಂಡ ಅವಳ ಮುಖವನ್ನೇ ನೋಡುತ್ತಿದ್ದ. "ನಿಂತೋಯ್ತು ಕಣೇ! ಈಗ ಏನೂ ಇಲ್ಲ!"

ನಾದಿನಿಯ ಕೈ ಇನ್ನೂ ಕಿವಿಯ ಮೇಲೆಯೇ ಇತ್ತು. ಅಣ್ಣ ಅವಳತ್ತ ಕಣ್ಣು ಕೆಕ್ಕರಿಸಿದ ಮೇಲೆ ಇಳಿಸಿದಳು.

"ನಿಜವಾಗ್ಲೂ?"

"ನಿಜವಾಗ್ಲೂ! ತುಂಬಾ ಚೆನ್ನಾಗಿದೆ!"

ಅವನು ನಿಂತಿದ್ದದ್ದು ಕೈಗೆಟುಕುವಷ್ಟು ಹತ್ತಿರ. ದಿನವೆಲ್ಲ ಗಿರಾಕಿಗಳ ಕಿವಿಯ ಬಳಿ ಮೆಲ್ಲಗೆ ಮಾತಾಡುವ ಮನುಷ್ಯ. ಈಗ ಅವನ ಕತ್ತಿನ ನರ ಉಬ್ಬಿತ್ತು. ಅವಳು ಆ ನರವನ್ನೇ ನೋಡಿದಳು. ಸ್ವಿಚ್ ಆರಿಸಿದಳು.

"ಏನ್ರೀ, ನೀವು ಯಾವಾಗಿಂದ ನನ್ನ ಹತ್ರ ಹೀಗೆ ಕೂಗಿ ಮಾತಾಡ್ತಿದೀರಿ?"

ನಾದಿನಿ ತಲೆ ತಗ್ಗಿಸಿಕೊಂಡು ಒಳಗೆ ಹೋದಳು. ಗಂಡ ಬಾಚಣಿಗೆಯನ್ನು ಮೇಜಿನ ಮೇಲಿಟ್ಟು ಅವಳ ಪಕ್ಕದಲ್ಲಿ ಕುಳಿತ. ಅವಳ ಕೈ ಹಿಡಿದುಕೊಂಡು, ಕೂಗದೆ, ಮೆತ್ತಗೆ ಏನೋ ಹೇಳಿದ. ಅವನ ತುಟಿ ಅಲುಗಿದ್ದು ಅವಳಿಗೆ ಕಂಡಿತು.

"ಏನಂದ್ರಿ?" ಎಂದಳು.