ಅವ್ವ ಹಿಂದಿನಿಂದ ಕರೆದ ಮುಂಜಾನೆ

ಕಾದ ಕಲ್ಲಿನ ನೆಲಕ್ಕೆ ಸಂಜೆ ನೀರು ಚೆಲ್ಲಿದಾಗ ಏಳುವ ವಾಸನೆ ನಿಮಗೂ ಗೊತ್ತಿರಬಹುದು. ಈಗಲೂ ಯಾರದೋ ಅಂಗಳದಿಂದ ಅದು ಮೂಗಿಗೆ ಬಂತೆಂದರೆ ನಾನು ಶಹಾಬಾದಿನ ನಮ್ಮ ಮನೆಯಲ್ಲಿರುತ್ತೇನೆ. ನಮ್ಮ ನೆಲ ಕಲ್ಲು, ಮಾಳಿಗೆ ಕಲ್ಲು, ನಮಗೂ ಪಕ್ಕದ ರಸೂಲ ಚಾಚಾನ ಮನೆಗೂ ನಡುವೆ ಇದ್ದ ಒಂದೇ ಗೋಡೆಯೂ ಕಲ್ಲು. ಗೋಡೆ ಹೆಸರಿಗಷ್ಟೇ, ಈಚೆ ಅವ್ವ ಎರಡು ಸಲ ಕೆಮ್ಮಿದರೆ ಆಚೆಯಿಂದ ಚಾಚಿ ಶುಂಠಿ ಚಹಾ ಹಿಡಿದು ಬರುತ್ತಿದ್ದಳು. ಅಪ್ಪ, ಚಾಚಾ ಇಬ್ಬರೂ ಭಂಕೂರ ಕಡೆಯ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದರು. ಜೋಡಿಯಾಗಿ ಹೋಗಿ, ಮೈತುಂಬ ಬಿಳಿ ಧೂಳು ಹೊತ್ತು ಜೋಡಿಯಾಗಿಯೇ ಬರುತ್ತಿದ್ದರು.

ಮನೆಯಿಂದ ಹೊರಟವರನ್ನು ನಮ್ಮಲ್ಲಿ ಹಿಂದಿನಿಂದ ಕರೆಯುತ್ತಿರಲಿಲ್ಲ. ಅಪ್ಪಿತಪ್ಪಿ ಕರೆದರೆ ಅವರು ತಿರುಗಿ ಒಳಗೆ ಬಂದು, ಕೂತು, ನೀರು ಕುಡಿದೇ ಹೊರಡಬೇಕು. ಆ ಮುಂಜಾನೆ ಅಪ್ಪ ಬುತ್ತಿ ಮರೆತು ನಡೆದ. ಅವ್ವನಿಗೆ ತಡೆಯಲಾಗಲಿಲ್ಲ, “ಏನ್ರೀ, ಬುತ್ತಿ!” ಎಂದು ಕೂಗಿಬಿಟ್ಟಳು. ಅಪ್ಪ ಗೊಣಗುತ್ತ ಒಳಗೆ ಬಂದ. ಚಾಚಾ ಬಾಗಿಲಲ್ಲಿ ನಕ್ಕು, “ನೀ ಆರಾಮ ಕುಡದು ಬಾ, ನಾ ಮುಂದ ನಡೀತೀನಿ” ಎಂದ. ಅಪ್ಪ ಖಣಿಯ ದಂಡೆ ಮುಟ್ಟುವ ಮೊದಲೇ ಒಳಗೆ ಕಲ್ಲಿನ ಪದರು ಕುಸಿದಿತ್ತು. ಚಾಚಾನನ್ನು ಮನೆಗೆ ಹೊತ್ತು ತಂದರು.

ಮಣ್ಣು ಮುಗಿಸಿ ಬಂದ ಮಂದಿ ಅವ್ವನ ಮುಂದೆ ಕೈ ಮುಗಿದರು. “ದೇವ್ರೇ ನಿನ್ನ ಬಾಯಾಗ ಬಂದು ಕರದಾನ ತಾಯಿ, ನಿನ್ನ ಗಂಡ ಉಳದಾನ.” ಅವ್ವ ಅವರನ್ನೇ ನೋಡಿದಳು. “ನನ್ನ ಬಾಯಾಗ ಬಂದಾಂವ ಗ್ವಾಡಿ ಆಚಿನ ಆಕಿ ಬಾಯಾಗ ಯಾಕ ಬರ್ಲಿಲ್ಲ?” ಎಂದಳು. ಅಂದಿನಿಂದ ಆಕೆ ದೇವರ ಜಗುಲಿಯ ಹತ್ತಿರ ಹೋಗಲಿಲ್ಲ. ಗೋಡೆಯಾಚೆ ಅಷ್ಟೊಂದು ಅಳು ಇರುವಾಗ ಈಚೆ ಕೂತು ದೇವರ ಉಪಕಾರ ನೆನೆಯುವುದು ಹೇಗೆ? ಚಾಚಿಯ ಮುಖ ನೋಡುವ ಧೈರ್ಯವೂ ಆಕೆಗೆ ಇರಲಿಲ್ಲ. ನಾನು ಚಿಕ್ಕ ಹುಡುಗಿ. ಎರಡೂ ಮನೆಯ ನಡುವಿನ ಮಾತು ಒಮ್ಮೆಲೇ ನಿಂತದ್ದಷ್ಟೇ ನನಗೆ ತಿಳಿದದ್ದು, ಅದೇ ನನಗೆ ಭಾರವಾಗಿತ್ತು.

ಕೆಲವು ದಿನ ಕಳೆದು ಅಪ್ಪ ಮತ್ತೆ ಖಣಿಗೆ ಹೊರಟ. ಯಾವತ್ತೂ ವಿಭೂತಿ ಹಚ್ಚಿ ಕಳಿಸುತ್ತಿದ್ದ ಅವ್ವ ಅವತ್ತು ಸುಮ್ಮನೆ ಬುತ್ತಿ ಕೊಟ್ಟಳು. ಚಾಚಿ, ಗಂಡ ತೀರಿದ ಹೆಂಗಸು ಹೊರಗೆ ಕಾಲಿಡದೆ ಕಳೆಯುವ ಇದ್ದತ್ತಿನ ದಿನಗಳಲ್ಲಿದ್ದಳು. ಓಣಿಯ ಕಡೆಗಿದ್ದ ಆಕೆಯ ಕಿಟಕಿಯ ಪರದೆ ಅಲುಗಿತು.

“ಯಕ್ಕಾ, ಬರೇ ಹಣಿಲೆ ಕಳಸಾಕತ್ತೀಯಲ್ಲ? ವಿಭೂತಿ ಹಚ್ಚು.”

“ಯಾವ ಬಾಯಿಲೆ ಬೇಡ್ಕೊಳ್ಳಲಿ, ತಂಗೀ?” ಅವ್ವ ಕಿಟಕಿಯತ್ತ ತಿರುಗಿ ಕೇಳಿದಳು.

“ನಿನಗಾಗಲಿಲ್ಲಂದ್ರ ನಾ ಬೇಡ್ಕೋತೀನಿ. ಇಬ್ಬರಾಗ ಒಬ್ಬರರೆ ಮನೀಗಿ ಬರ್ಲಿ.”

ಅವ್ವ ಜೋರಾಗಿ ಅತ್ತಳು. ಅತ್ತುಕೊಂಡೇ ಅಪ್ಪನ ಹಣೆಗೆ ವಿಭೂತಿ ಹಚ್ಚಿದಳು. ದೇವರು ಅಂದರೆ ಯಾರು, ಎಲ್ಲಿರುತ್ತಾನೆ ಎಂದು ಮುಂದೆ ಬಹಳ ಮಂದಿ ನನಗೆ ಹೇಳಿಕೊಟ್ಟರು. ಆ ಪರದೆಯ ಹಿಂದಿನ ದನಿಯಷ್ಟು ಯಾರದೂ ಮನಸ್ಸಿಗೆ ಹತ್ತಲಿಲ್ಲ.

ಇದ್ದತ್ತು ಮುಗಿದ ಮೇಲೆ ಚಾಚಿಯ ಅಣ್ಣ ಬಂದು ಆಕೆಯನ್ನು ಚಿತ್ತಾಪುರಕ್ಕೆ ಕರೆದೊಯ್ದ. ಅಪ್ಪ ಮುದುಕನಾಗುವವರೆಗೂ ದಿನಾ ಸಂಜೆ ಮನೆಗೆ ಬಂದ. ಅವನ ಹೆಜ್ಜೆ ಕೇಳಿಸಿದ ಕೂಡಲೇ ಅವ್ವ ಮೊದಲು ಆ ಗೋಡೆಯ ಕಡೆ ತಿರುಗಿ ಕೈ ಮುಗಿಯುತ್ತಿದ್ದಳು. ಆಚೆ ಆಗ ಯಾರೂ ಇರಲಿಲ್ಲ.