ಕೂಗಿಗೆ ಓಗೊಟ್ಟವರು

ದೆವ್ವ, ಗಾಳಿ, ಸೋಂಕು ಇವೆಲ್ಲ ಕೆಲಸವಿಲ್ಲದವರ ಮಾತು ಎಂದುಕೊಂಡು ಬಾಳಿದವನು ನಾನು. ಇಂಗ್ಲೆಂಡಿನ ಡರ್ಬಿಯ ವಿಮಾನ ಎಂಜಿನ್ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ನನ್ನ ಕೆಲಸ. ಬರಿಗಣ್ಣಿಗೆ ಕಾಣದ ಬಿರುಕನ್ನು ಯಂತ್ರದ ಕಣ್ಣಿನಿಂದ ನೋಡಿ, ಇದೆ ಅಥವಾ ಇಲ್ಲ ಎಂದು ಹೇಳುವುದಕ್ಕೇ ನನಗೆ ಸಂಬಳ. ನಾವು ಆಗಾಗ ಹೋಗುವ ಟಿವಿಡೇಲ್ ಊರಿನ ದೇವಸ್ಥಾನದ ಊಟದ ಹಾಲಿನಲ್ಲಿ ಯಾರಾದರೂ ತಮ್ಮ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ರಾತ್ರಿ ಯಾರೋ ಓಡಾಡುತ್ತಾರೆ ಎಂದು ಶುರುಮಾಡಿದರೆ, “ಹೀಟಿಂಗ್ ಪೈಪು ಕಣ್ರೀ, ಬಿಸಿಯಾದ್ರೆ ಹಿಗ್ಗುತ್ತೆ” ಎಂದು ಅಲ್ಲೇ ಬಾಯಿ ಮುಚ್ಚಿಸುತ್ತಿದ್ದೆ. ಆದ್ದರಿಂದ ಈಗ ನಾನು ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ನನ್ನ ಮಗಳ ಹೆಸರು ಚಿನ್ಮಯಿ, ಮನೆಯಲ್ಲಿ ಚಿನ್ನು. ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಗೆಳೆಯರ ಮಕ್ಕಳೆಲ್ಲ ಡಾಕ್ಟರು, ಡೆಂಟಿಸ್ಟು ಎಂದು ಹೊರಟಾಗ ಇವಳು ಕಾಡು ನೋಡಿಕೊಳ್ಳುವ ವಿದ್ಯೆ ಓದಿ, ಡರ್ಬಿಗೆ ಉತ್ತರದಲ್ಲಿರುವ ಒಂದು ಖಾಸಗಿ ಕಾಡಿನಲ್ಲಿ ಕೆಲಸಕ್ಕೆ ಸೇರಿದಳು. ಈ ದೇಶದಲ್ಲಿ ಹುಲಿಯೂ ಇಲ್ಲ, ತೋಳವೂ ಇಲ್ಲ. ಜಿಂಕೆಗಳು ಮಿತಿಮೀರಿ ಹೆಚ್ಚಿ, ನೆಟ್ಟ ಸಸಿಗಳನ್ನೆಲ್ಲ ಮೇಯ್ದು, ಕಾಡು ತಲೆ ಎತ್ತದಂತೆ ಮಾಡುತ್ತವೆ. ಹಾಗಾಗಿ ಚಳಿಗಾಲದಲ್ಲಿ ಒಂದಷ್ಟನ್ನು ಹೊಡೆಯುವುದೂ ಅಲ್ಲಿನವರ ಕೆಲಸವೇ. ಅದಕ್ಕೆ ಪರೀಕ್ಷೆ ಪಾಸಾಗಬೇಕು, ಪೊಲೀಸರ ಪರವಾನಗಿ ಬೇಕು. ಎರಡೂ ಆಯಿತು ಎಂದು ಒಂದು ಭಾನುವಾರ ಇಡ್ಲಿ ತಿನ್ನುತ್ತಾ ಚಿನ್ನು ಹೇಳಿದಾಗ ಅವಳಮ್ಮ ಸವಿತಾ ಸಾಂಬಾರಿನ ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟಳು. ಮೊಟ್ಟೆಯನ್ನೂ ಅಡುಗೆಮನೆಗೆ ಬಿಡದ ಹೆಂಗಸು ಅವಳು.

ನನಗೆ ಮಾತ್ರ ಒಳಗೊಳಗೇ ಖುಷಿ. ನನ್ನದು ಹನೂರಿನ ಕಡೆಯ ಕುರುಚಲು ಕಾಡಿನ ಅಂಚಿನ ಊರು. ನನ್ನ ತಾತ ಹಳೇ ಕಾಲದ ಶಿಕಾರಿ. ಬೇಟೆಗೆ ಕಾನೂನು ಅಡ್ಡ ಬಂದ ಮೇಲೆ ಕೋವಿಯನ್ನು ಕೆಳಗಿಟ್ಟರು, ಬೇಟೆಯ ಕತೆಗಳನ್ನು ಮಾತ್ರ ಸಾಯುವವರೆಗೂ ಬಿಡಲಿಲ್ಲ. ನಾನು ಕೋವಿ ಮುಟ್ಟಿದವನಲ್ಲ. ತಾತನಿಂದ ನಾನು ಕಲಿತದ್ದು ಒಂದೇ ಒಂದು ವಿದ್ಯೆ, ಕೂ ಹಾಕುವುದು.

ನಮ್ಮ ಕಡೆ ಸೀಗೆಕಾಯಿ ಕೀಳಲೋ ತಪ್ಪಿಸಿಕೊಂಡ ದನ ಹುಡುಕಲೋ ಕಾಡಿಗೆ ಹೋದವರು ಒಬ್ಬರಿಗೊಬ್ಬರು ಕಾಣದಾದಾಗ ಹೆಸರು ಹಿಡಿದು ಕರೆಯುವುದಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಉದ್ದಕ್ಕೆ ‘ಕೂ’ ಎನ್ನುತ್ತಾರೆ. ಒಂದು ಕೂ ಎಂದರೆ ಎಲ್ಲಿದ್ದೀಯ ಎಂದು. ತಿರುಗಿ ಒಂದು ಕೂ ಬಂದರೆ ಇಲ್ಲೇ ಇದ್ದೀನಿ ಎಂದು. ಎರಡು ಬಂದರೆ, ಹುಡುಕುತ್ತಿದ್ದದ್ದು ಸಿಕ್ಕಿತು, ಬಾ ಎಂದು. ನಮ್ಮೂರಿನ ಕೂಗಿಗೆ ಕೊನೆಯಲ್ಲಿ ಒಂದು ಕೊಂಕು ಇದೆ, ದನಿ ಸ್ವಲ್ಪ ಮೇಲಕ್ಕೆ ಹೋಗಿ ನಿಲ್ಲುತ್ತದೆ. ಪಕ್ಕದ ಊರಿನವರದು ಹಾಗಲ್ಲ. ತಾತನ ಬೇಟೆಯಲ್ಲಿ ಇದಕ್ಕೆ ಸೇರಿದ ಇನ್ನೊಂದು ನೇಮವೂ ಇತ್ತಂತೆ. ಹೊಡೆದವನಿಗೆ ಪಾಲು, ನಾಯಿಗೆ ಪಾಲು, ಹಾಗೆಯೇ ಕೂಗಿಗೆ ಓಗೊಟ್ಟವನಿಗೂ ಒಂದು ಪಾಲು. ಅವನು ಬೇಟೆಗೆ ಬಂದವನೇ ಆಗಬೇಕಿಲ್ಲ, ದಾರಿಹೋಕನಾದರೂ ಸರಿ.

ಚಿನ್ನು ಚಿಕ್ಕವಳಿದ್ದಾಗ ಇದನ್ನೆಲ್ಲ ಅವಳಿಗೆ ಆಟದಂತೆ ಕಲಿಸಿದ್ದೆ. ಸೂಪರ್‌ಮಾರ್ಕೆಟ್ಟಿನಲ್ಲಿ ಅವಳು ಕಾಣದಿದ್ದರೆ ನಾನು ಬ್ರೆಡ್ಡಿನ ಸಾಲಿನಿಂದ ಒಂದು ಕೂ ಹಾಕುತ್ತಿದ್ದೆ. ಬಿಸ್ಕತ್ತಿನ ಸಾಲಿನಿಂದ ಎರಡು ಕೂ ಬರುತ್ತಿತ್ತು, ಸಿಕ್ಕಿತು ಬಾ ಎಂದು. ಜನ ತಿರುಗಿ ತಿರುಗಿ ನೋಡುತ್ತಿದ್ದರು, ನಮಗಿಬ್ಬರಿಗೂ ಅದೇ ಮಜಾ. ಆಮೇಲೆ ಅವಳು ಹೈಸ್ಕೂಲಿಗೆ ಬಂದಳು. ಒಂದು ದಿನ ಸ್ಕೂಲ್ ಗೇಟಿನ ಹತ್ತಿರ ನಾನು ಕೂ ಎಂದದ್ದೇ ತಡ, “ಅಪ್ಪಾ, ಪ್ಲೀಸ್, ಇಲ್ಲಿ ಬೇಡ” ಎಂದು ತಲೆ ತಗ್ಗಿಸಿ ಕಾರು ಹತ್ತಿದಳು. ಅಂದಿನಿಂದ ನನ್ನ ಕೂಗಿಗೆ ಉತ್ತರ ನಿಂತುಹೋಯಿತು. ಬೆಳೆಯುವ ಮಕ್ಕಳು ಹಾಗೆಯೇ ಎಂದು ಸುಮ್ಮನಾದೆ, ಆದರೆ ಸಂಕಟವಂತೂ ಆಗಿತ್ತು.

ಕೆಲವು ವರ್ಷಗಳ ಹಿಂದಿನ ಒಂದು ನವೆಂಬರಿನಲ್ಲಿ ಅವಳೇ ಫೋನು ಮಾಡಿ, ಶನಿವಾರ ತನ್ನ ಜೊತೆ ಕಾಡಿಗೆ ಬರುತ್ತೀಯಾ ಎಂದು ಕೇಳಿದಳು. ಆ ಕಾಡಿನ ಹಿರಿಯ ಕೆಲಸಗಾರ ಕೀತ್ ಎಂಬವರು ಅಲ್ಲಿಯವರೆಗೆ ಅವಳ ಪಕ್ಕದಲ್ಲೇ ಕೂತು ಕಲಿಸಿದ್ದರು. ಆ ಶನಿವಾರ ಅವರು ಜಾಡು ಹಿಡಿಯುವ ತಮ್ಮ ನಾಯಿಯನ್ನೂ ಕರೆದುಕೊಂಡು ಲೀಡ್ಸ್‌ನಲ್ಲಿರುವ ತಂಗಿಯ ಮನೆಗೆ ಹೋಗುವವರಿದ್ದರು. ಅವಳು ಸ್ವಂತವಾಗಿ ಹೊಡೆಯುವ ಮೊದಲ ದಿನ ಅದು. ಯಾರಾದರೂ ಜೊತೆಗಿರಬೇಕು ಎನ್ನಿಸಿದಾಗ ನನ್ನನ್ನು ಕರೆದಳಲ್ಲ ಎಂದು ನಾನು ಹಿರಿಹಿರಿ ಹಿಗ್ಗಿದೆ. ಸವಿತಾ ಮುಖ ಗಂಟಿಕ್ಕಿಕೊಂಡೇ ಪುಳಿಯೋಗರೆ ಕಟ್ಟಿಕೊಟ್ಟಳು.

ಅಲ್ಲಿ ನಾನು ಅವಳ ಕೈಕೆಳಗಿನ ಆಳು. ಕಾರು ನಿಲ್ಲಿಸಿದ ಕೂಡಲೇ ಅಪ್ಪಣೆಗಳು ಶುರುವಾದವು. ಕೆಮ್ಮಬಾರದು, ಜಾಕೆಟ್ಟಿನ ಜಿಪ್ಪು ಎಳೆಯಬಾರದು, ಬಂದೂಕಿನ ಮುಂದೆ ಸುಳಿಯಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಗದ್ದಲ ಮಾಡಬಾರದು. ಒಂದು ಬಯಲಿನ ಅಂಚಿನಲ್ಲಿ ಮರದ ಅಟ್ಟಣೆಯಿತ್ತು. ಮೇಲೆ ಹತ್ತಿ ಕೂತಾಗ ನನಗೆ ನಗು ಬಂತು. ನಮ್ಮೂರಿನ ಜೋಳದ ಹೊಲದಲ್ಲಿ ಹಂದಿ ಕಾಯುವ ಅಟ್ಟಣೆಯೂ ಹೆಚ್ಚುಕಮ್ಮಿ ಹೀಗೆಯೇ. ತಾತನ ಮೊಮ್ಮಗ ಕೊನೆಗೂ ಅಟ್ಟಣೆ ಹತ್ತಿದ್ದ, ಅದೂ ಕೈಯಲ್ಲಿ ಪುಳಿಯೋಗರೆ ಡಬ್ಬಿ ಹಿಡಿದು. ಅದರ ಮುಚ್ಚಳ ತೆಗೆದಾಗ ಟಪ್ ಎಂದು ಸದ್ದಾಗಿ, ಚಿನ್ನು ನನ್ನನ್ನು ದುರುಗುಟ್ಟಿ ನೋಡಿ, ಕೊನೆಗೆ ತಾನೂ ನಗು ತಡೆಯಲಾರದೆ ಕೈಗವಸಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟು ಹೊತ್ತು ಅಷ್ಟು ಹತ್ತಿರ ನಾವಿಬ್ಬರೂ ಕೂತು ಎಷ್ಟು ವರ್ಷವಾಗಿತ್ತೋ.

ಸೂರ್ಯ ಇಳಿಯುತ್ತಿದ್ದಾಗ ಜಿಂಕೆಗಳು ಬಂದವು. ನಮ್ಮ ಚುಕ್ಕೆ ಜಿಂಕೆಯ ದೂರದ ನೆಂಟರಂತಿದ್ದವು, ಚಳಿಗಾಲಕ್ಕೆ ಚುಕ್ಕೆ ಮಾಸಿ ಬೂದು ಬಣ್ಣಕ್ಕೆ ತಿರುಗಿದ್ದವು. ಗುಂಪಿನ ಅಂಚಿನಲ್ಲಿ ಒಂದು ಎಳೆಯ ಗಂಡು ನಿಂತಿತ್ತು. ಚಿನ್ನು ಬಹಳ ಹೊತ್ತು ಕಾದಳು. ಅದು ಪಕ್ಕಕ್ಕೆ ತಿರುಗಿದಾಗ ಗುಂಡು ಹಾರಿತು. ಜಿಂಕೆ ಒಮ್ಮೆ ನೆಗೆದು, ಬಿದ್ದಿತು ಎನ್ನುವಷ್ಟರಲ್ಲಿ ಓಡಿ ಪೈನ್ ಮರಗಳ ದಟ್ಟ ತೋಪಿನೊಳಗೆ ಮಾಯವಾಯಿತು.

ನಿಯಮದಂತೆ ಸ್ವಲ್ಪ ಹೊತ್ತು ಕಾದು ಕೆಳಗಿಳಿದೆವು. ಅದು ನಿಂತಿದ್ದ ಜಾಗದಲ್ಲಿ ರಕ್ತದ ಒಂದೆರಡು ಹನಿಗಳಿದ್ದವು, ತೋಪಿನ ಅಂಚಿನಲ್ಲಿ ಇನ್ನೊಂದು, ಅಲ್ಲಿಂದಾಚೆಗೆ ಏನೂ ಇಲ್ಲ. ಚಿನ್ನು ಕೀತ್‌ಗೆ ಫೋನು ಮಾಡಿದಳು. ನಾಯಿಯನ್ನು ಕರೆದುಕೊಂಡು ತಾನು ಬರುವ ಹೊತ್ತಿಗೆ ಕತ್ತಲಾಗಿರುತ್ತದೆ, ಹುಡುಕುತ್ತಿರಿ ಎಂದರು ಅವರು. ಫೋನು ಇಟ್ಟ ಮಗಳ ಮುಖ ಬಿಳಿಚಿಕೊಂಡಿತ್ತು.

“ಅದಕ್ಕೆ ನೋವಾಗ್ತಿರುತ್ತೆ ಅಪ್ಪಾ. ರಾತ್ರಿ ಎಲ್ಲಾ. ನನ್ನಿಂದ.”

ಅಪರೂಪಕ್ಕೆ ಅವಳ ಬಾಯಲ್ಲಿ ಕನ್ನಡ ಬಂದಿತ್ತು. ಸಿಗದೆ ಹೋದರೆ ನಾಳೆಯೇ ಕೆಲಸ ಬಿಡುತ್ತೇನೆ, ಈ ಕೆಲಸಕ್ಕೆ ನಾನು ಲಾಯಕ್ಕಲ್ಲ ಎಂದಳು. ಸುಮ್ಮನೆ ಹೇಳಿದ ಮಾತಲ್ಲ ಅದು. ಹಟ ಹಿಡಿದು, ಎಲ್ಲರ ಮಾತು ಮೀರಿ, ಪ್ರೀತಿಯಿಂದ ಆರಿಸಿಕೊಂಡ ಬದುಕು ಆ ತೋಪಿನೊಳಗೆ ಎಲ್ಲೋ ಕೈತಪ್ಪಿ ಹೋಗುತ್ತಿರುವುದನ್ನು ನಾನು ನಿಂತು ನೋಡುತ್ತಿದ್ದೆ.

ತೋಪಿನ ಎಡಬದಿಯ ಕಾಲುದಾರಿಯಲ್ಲಿ ಅವಳು, ಬಲಬದಿಯಲ್ಲಿ ನಾನು ಎಂದು ಹಂಚಿಕೊಂಡೆವು. ಬಂದೂಕು ಅವಳ ಹತ್ತಿರವೇ ಇತ್ತು. ಟಾರ್ಚು ಬಿಡುತ್ತಾ ಬಗ್ಗಿ ಬಗ್ಗಿ ನೋಡುತ್ತಾ ಹೋದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳ ಟಾರ್ಚಿನ ಬೆಳಕು ಕಾಣದಾಯಿತು, ಹೆಜ್ಜೆ ಸಪ್ಪಳವೂ ನಿಂತಿತು. ಆಗ ಏನೂ ಯೋಚಿಸದೆ ಕೈ ಬಾಯಿಗೆ ಹೋಯಿತು. ಒಂದು ಕೂ ಹಾಕಿಬಿಟ್ಟೆ.

ಹಾಕಿದ ಮೇಲೆ ತಪ್ಪಿನ ಅರಿವಾಗಿ ಬಾಯಿ ಮುಚ್ಚಿಕೊಂಡೆ. ಗಾಯಗೊಂಡ ಪ್ರಾಣಿ ಎಲ್ಲೋ ಹತ್ತಿರದಲ್ಲೇ ಮಲಗಿರಬಹುದು, ಸದ್ದು ಕೇಳಿದರೆ ಎದ್ದು ಮೈಲಿಗಟ್ಟಲೆ ಓಡುತ್ತದೆ, ಆದ್ದರಿಂದ ತುಟಿ ಬಿಚ್ಚಬೇಡ ಎಂದು ಅವಳು ನೂರು ಸಲ ಹೇಳಿದ್ದಳು. ಇಂಗ್ಲೆಂಡಿನ ಕಾಡಿನಲ್ಲಿ ಹನೂರಿನವನು ಮಾತ್ರ ಮಾಡಬಲ್ಲ ಎಡವಟ್ಟು ಅದು.

ಅಷ್ಟರಲ್ಲಿ ಉತ್ತರ ಬಂತು. ತೋಪಿನ ಒಳಗಿನಿಂದ, ನನ್ನ ಎಡಕ್ಕೆ, ಎರಡು ಕೂ. ಸ್ಪಷ್ಟವಾಗಿ, ಉದ್ದವಾಗಿ, ಕೊನೆಯಲ್ಲಿ ನಮ್ಮೂರಿನ ಕೊಂಕಿನೊಂದಿಗೆ.

ಸಿಕ್ಕಿತು, ಬಾ. ನನಗಾದ ಸಂತೋಷವನ್ನು ಏನೆಂದು ಹೇಳಲಿ. ಜಿಂಕೆ ಸಿಕ್ಕಿತೆಂಬ ಸಂತೋಷ ಒಂದು ಕಡೆ, ಅಷ್ಟು ವರ್ಷಗಳ ಮೇಲೆ ಮಗಳು ನನ್ನ ಕೂಗಿಗೆ ಓಗೊಟ್ಟಳು ಎಂಬುದು ಇನ್ನೊಂದು ಕಡೆ. ದನಿ ಸ್ವಲ್ಪ ದಪ್ಪಗಿದೆ ಎಂದು ಅನ್ನಿಸಿತ್ತು, ಚಳಿಗೆ ಗಂಟಲು ಕಟ್ಟಿರಬೇಕು ಎಂದುಕೊಂಡೆ. ಕೊಂಬೆಗಳಿಂದ ಮುಖ ತರಚಿಸಿಕೊಂಡು ಒಳಗೆ ನುಗ್ಗಿದೆ. ನಡುವೆ ಒಂದು ಹಳೆಯ ಮರ ಬುಡಸಮೇತ ಉರುಳಿ ಬಿದ್ದಿತ್ತು. ನಾನು ಈ ಕಡೆಯಿಂದ ಅಲ್ಲಿಗೆ ತಲುಪುವುದಕ್ಕೂ ಚಿನ್ನು ಆ ಕಡೆಯಿಂದ ಏದುಸಿರು ಬಿಡುತ್ತಾ ಬರುವುದಕ್ಕೂ ಸರಿಹೋಯಿತು.

“ಎಲ್ಲಿದೆ ಅಪ್ಪಾ?” ಎಂದಳು.

“ನನ್ನ ಕೇಳ್ತೀಯಲ್ಲೇ, ಸಿಕ್ಕಿತು ಅಂತ ಕೂ ಹಾಕಿದ್ದು ನೀನು ತಾನೆ?”

“ನಾನಾ? ನೀನು! ಫಸ್ಟ್ ಒಂದು, ಆಮೇಲೆ ಎರಡು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಅವಳ ಟಾರ್ಚು ಕೆಳಗಿಳಿಯಿತು. ಉರುಳಿದ ಮರದ ಬೇರಿನ ಕುಳಿಯಲ್ಲಿ, ನಮ್ಮಿಬ್ಬರ ಸರಿ ನಡುವೆ, ಜಿಂಕೆ ಮಲಗಿತ್ತು. ಪ್ರಾಣ ಹೋಗಿ ಬಹಳ ಹೊತ್ತಾಗಿತ್ತು. ಚಿನ್ನು ಮಂಡಿಯೂರಿ ನೋಡಿದಳು. ಗುಂಡು ನೇರ ಹೃದಯಕ್ಕೆ ಬಿದ್ದಿತ್ತು. ಅಂಥ ಏಟು ಬಿದ್ದ ಜಿಂಕೆ ಕೂಡ ಕೊನೆಯ ಉಸಿರಿನಲ್ಲಿ ಅಷ್ಟು ದೂರ ಓಡುತ್ತದಂತೆ. ಅದು ನರಳಿರಲಿಲ್ಲ, ಅವಳು ತಪ್ಪು ಮಾಡಿರಲಿಲ್ಲ. ಜಿಂಕೆಯ ಕುತ್ತಿಗೆಯ ಮೇಲೆ ಕೈಯಿಟ್ಟು ಸ್ವಲ್ಪ ಅತ್ತಳು, ಆಮೇಲೆ ಎದ್ದು ನನ್ನನ್ನು ಬಿಗಿಯಾಗಿ ತಬ್ಬಿಕೊಂಡಳು. ಆ ಕೂಗು ಯಾರದು ಎಂದು ಭಯಪಡುವುದಕ್ಕೂ ನಮಗೆ ಬಿಡುವಿರಲಿಲ್ಲ, ಅಷ್ಟು ಖುಷಿಯಾಗಿತ್ತು.

ಅಷ್ಟು ಸುಲಭವಾಗಿ ಬಿಡುವ ಜಾತಿ ನನ್ನದಲ್ಲ. ಕೀತ್ ಬಂದ ಮೇಲೆ ಕೇಳಿದೆವು. ಕಾಡಿನ ಗೇಟಿಗೆ ಬೀಗವಿತ್ತು, ಒಳಗೆ ನಮ್ಮದು ಬಿಟ್ಟು ಬೇರೆ ಕಾರಿರಲಿಲ್ಲ. ಗೂಬೆಯಿರಬೇಕು ಎಂದರು ಕೀತ್. ಹಗಲೂ ರಾತ್ರಿ ಅದೇ ಕಾಡಿನಲ್ಲಿರುವ ತನಗೆ ಗೂಬೆಯ ದನಿ ಗೊತ್ತಿಲ್ಲವೇ ಎಂದು ಚಿನ್ನು ಅವರ ಮೇಲೆ ರೇಗಿದಳು. ಪ್ರತಿಧ್ವನಿ ಇರಬಹುದೆಂದು ನಾನು ಮುಂದೊಂದು ದಿನ ಅದೇ ಜಾಗದಲ್ಲಿ ನಿಂತು ಗಂಟಲು ಹರಿಯುವಷ್ಟು ಕೂಗಿ ನೋಡಿದೆ. ಆ ಪೈನ್ ತೋಪು ದನಿಯನ್ನು ನುಂಗಿ ಹಾಕಿತೇ ಹೊರತು ಒಂದಿಷ್ಟೂ ವಾಪಸು ಕೊಡಲಿಲ್ಲ. ತಾತನೇ ಬಂದಿದ್ದರೇನೋ ಎಂದು ನೀವು ಹೇಳುತ್ತೀರಿ. ತಾತನ ದನಿ ನನಗೆ ಚೆನ್ನಾಗಿ ನೆನಪಿದೆ, ಅದು ಅವರ ದನಿಯಲ್ಲ. ನನ್ನ ದನಿಯ ಹಾಗೆಯೇ ಇತ್ತು ಎನ್ನುತ್ತಾಳೆ ಚಿನ್ನು. ನನ್ನ ದನಿ ಹೊರಗಿನಿಂದ ಹೇಗೆ ಕೇಳಿಸುತ್ತದೋ ನನಗೆ ಹೇಗೆ ಗೊತ್ತಾಗಬೇಕು?

ಮುಂದಿನ ವಾರ ನಮ್ಮ ಹಿತ್ತಿಲಿನಲ್ಲಿ ಹಬ್ಬ. ಸವಿತಾ ತನ್ನ ಅಡುಗೆಮನೆಗೆ ಮಾಂಸ ಬಿಡುವುದಿಲ್ಲವಲ್ಲ, ಕ್ಯಾಂಪಿಂಗ್ ಸ್ಟೌ ಹೊರಗಿಟ್ಟು ನಾನೇ ಮಸಾಲೆ ಅರೆದು ಸಾರು ಮಾಡಿದೆ. ರಾಗಿ ಮುದ್ದೆಯನ್ನು ಅಗಿಯದೆ ನುಂಗಬೇಕು ಎಂದಾಗ ಕೀತ್ ಕಣ್ಣುಕಣ್ಣು ಬಿಟ್ಟರು, ಅವರ ಪರದಾಟ ನೋಡಿ ಚಿನ್ನು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಬಡಿಸಿಕೊಂಡು ಕೂತಾಗ ಸವಿತಾ ಸೆರಗು ಮೂಗಿಗೆ ಹಿಡಿದು ಹಿಂಬಾಗಿಲಿಗೆ ಬಂದಳು.

“ಓಗೊಟ್ಟವರ ಪಾಲು ಎತ್ತಿಟ್ಟಿರಾ?” ಎಂದಳು.

ನಾನು ಮರೆತೇಬಿಟ್ಟಿದ್ದೆ. ಚಿನ್ನು ತಟ್ಟನೆ ಎದ್ದು ಒಂದು ತಟ್ಟೆಗೆ ಬಡಿಸಿ ಬೇಲಿಯ ಪಕ್ಕದ ಕಲ್ಲಿನ ಮೇಲಿಟ್ಟಳು. ಬೆಳಿಗ್ಗೆ ತಟ್ಟೆ ಖಾಲಿಯಾಗಿತ್ತು. ನಮ್ಮ ಬೀದಿಯಲ್ಲಿ ನರಿಗಳಿಗೆ ಬರವಿಲ್ಲ, ನರಿಯೇ ತಿಂದಿರಬೇಕು. ಸವಿತಾ ತಟ್ಟೆಯನ್ನು ತೊಳೆದಿಟ್ಟಳು.

ಚಿನ್ನು ಅದೇ ಕೆಲಸದಲ್ಲಿದ್ದಾಳೆ, ಈಗ ಅವಳೇ ಬೇರೆಯವರಿಗೆ ಕಲಿಸುತ್ತಾಳೆ. ಹೋದ ಕ್ರಿಸ್‌ಮಸ್ಸಿಗೆ ಅವಳನ್ನು ಕರೆದುಕೊಂಡು ಬರಲು ಡರ್ಬಿ ರೈಲು ನಿಲ್ದಾಣಕ್ಕೆ ಹೋಗಿದ್ದೆ. ವಿಪರೀತ ಜನ. ಎಷ್ಟು ಕತ್ತು ಉದ್ದ ಮಾಡಿದರೂ ಅವಳು ಕಾಣಲಿಲ್ಲ. ಕೂಗಲು ಬಾಯಿಗೆ ಕೈ ಹೋದದ್ದನ್ನು ಹೇಗೋ ತಡೆದುಕೊಂಡೆ. ಆಗ ಜನರ ನಡುವಿನಿಂದ, ಎಲ್ಲರೂ ಬೆಚ್ಚಿ ತಿರುಗಿ ನೋಡುವಂತೆ, ಎರಡು ಕೂ ಕೇಳಿಸಿತು, ಕೊನೆಯಲ್ಲಿ ಕೊಂಕಿನೊಂದಿಗೆ. ನಾನು ತಿರುಗಿದೆ. ಕೆಂಪು ಟೋಪಿ ಹಾಕಿಕೊಂಡ ನನ್ನ ಮಗಳು ನಾಚಿಕೆಯಿಲ್ಲದೆ ಎರಡೂ ಕೈ ಎತ್ತಿ ಬೀಸುತ್ತಿದ್ದಳು.

ಈ ಸಲ ಕೂಗಿದ್ದು ಅವಳೇ, ಕಣ್ಣಾರೆ ಕಂಡೆ. ಆ ಸಂಜೆ ತೋಪಿನೊಳಗಿನಿಂದ ಕೂಗಿದ್ದು ಯಾರು ಎಂದು ಕೇಳಿದರೆ ನನ್ನ ಹತ್ತಿರ ಇಂದಿಗೂ ಉತ್ತರವಿಲ್ಲ. ಯಾರಾದರೂ ಆಗಲಿ, ಅವರು ನನಗೆ ಕೊಟ್ಟದ್ದಕ್ಕೆ ಒಂದು ತಟ್ಟೆ ಊಟ ಸಾಲದು.