ಬಣ್ಣ ಬದಲಾಗದ ಟ್ಯೂಬು

ಪಿರಿಯಾಪಟ್ಟಣದಲ್ಲಿ ಬಿ.ಎಸ್ಸಿ. ಓದುವಾಗ, ಆಲ್ಕೋಹಾಲುಗಳ ಉತ್ಕರ್ಷಣೆಯ, ಅಂದರೆ ಆಕ್ಸಿಡೇಶನ್ನಿನ, ಪ್ರಯೋಗದಲ್ಲಿ ಉಳಿದವರ ಕಿತ್ತಳೆ ಬಣ್ಣದ ಡೈಕ್ರೋಮೇಟ್ ದ್ರಾವಣ ಹಸಿರಾಯಿತು. ನನಗೆ ಸಿಕ್ಕಿದ್ದು ತೃತೀಯಕ ಆಲ್ಕೋಹಾಲ್. ಅದು ಉತ್ಕರ್ಷಣೆಗೆ ಒಳಗಾಗದ್ದರಿಂದ ನನ್ನ ಟೆಸ್ಟ್ ಟ್ಯೂಬಿನ ದ್ರಾವಣ ಕಿತ್ತಳೆಯಾಗಿಯೇ ಉಳಿಯಿತು.

“ಏನೂ ಆಗಿಲ್ವಲ್ಲಮ್ಮ, ಸಿಂಕಿಗೆ ಸುರಿದ್ಬುಡು,” ಎಂದರು ಮೇಷ್ಟ್ರು.

“ಏನೂ ಆಗದೆ ಇರೋದಕ್ಕೇ ಇದು ಇನ್ನೂ ವಿಷ ಸರ್, ಹಸಿರಾಗಿದ್ರೆ ಕ್ರೋಮಿಯಂನ ವಿಷ ಕಮ್ಮಿ ಆಗ್ತಿತ್ತು. ಸಿಂಕಿನ ಪೈಪು ಹಿಂದಿನ ಗದ್ದೆಗೆ ಹೋಗುತ್ತೆ.”

ಗೆಳತಿ ಮೊಣಕೈಯಿಂದ ತಿವಿದಳು. “ಇಂಟರ್ನಲ್ಸ್ ಅವ್ರ ಕೈಲದೆ ಕಣೆ, ಸುರಿದು ಬಾ.”

“ಮಾರ್ಕ್ಸ್ ಬೇಕೋ ಬೇಡ್ವೋ?” ಮೇಷ್ಟ್ರು ಕೇಳಿದರು.

“ಬೇಕು ಸರ್. ಇದನ್ನ ಹಾಕಿಡೋಕೆ ಒಂದು ಕ್ಯಾನೂ ಬೇಕು.”

ಮಾರ್ಕ್ಸ್ ಕಡಿಮೆಯೇ ಬಂತು. ಆದರೆ ಅಂದು ಕ್ಯಾನು ಬರುವ ತನಕ ನಾನು ಟ್ಯೂಬನ್ನು ಕೆಳಗಿಡಲಿಲ್ಲ. ಅದಕ್ಕೂ ಮುಂಚೆ ಅಷ್ಟು ವರ್ಷ ಸಿಂಕಿನಿಂದ ಆ ಗದ್ದೆಗೆ ಹರಿದದ್ದಕ್ಕೆ ಹೊಣೆ ಯಾರೆಂದು ಕಾಲೇಜನ್ನು ಇಂದಿಗೂ ಕೇಳುತ್ತಿದ್ದೇನೆ.